ಸಾವಂತ್ರಿಗೆ ಹೇಳಿದ್ದು

ಎಂಟೂವರೆಗೆ ಗೇಟು ತೆಗೀತಾರೆ,
ಅಷ್ಟರೊಳಗೆ ಹೇಳಿಬಿಡ್ತೀನಿ, ಕೇಳು.
ಹನ್ನೊಂದು ದಿವಸ ನಾನು ಬರಲಿಲ್ಲವಲ್ಲ,
ಚಿಕ್ಕಮಾದು ಬಂದು ಕುಂಬಳಕಾಯಿ ಹಾಕ್ತಿದ್ದನಲ್ಲ
(ತೀರಾ ಸಣ್ಣಗೆ ಹೆಚ್ಚುತ್ತಾನೆ, ಗೊತ್ತು, ಬೈದಿದ್ದೀನಿ),
ನಾನು ನಿನ್ನ ತವರಿಗೆ ಹೋಗಿದ್ದೆ.

ತವರು ಅಂದರೆ ನಿನ್ನ ಅಜ್ಜಿಯದು.
ನೀನು ಹುಟ್ಟಿದ್ದು ಇದೇ ಕೊಳದಲ್ಲಿ,
ಕರೆಂಟು ಹೋದ ರಾತ್ರಿ,
ನಜೀರ್ ಸಾಬರು ಬ್ಯಾಟರಿ ಹಿಡಿದಿದ್ದರು,
ಅವರ ಕೈ ನಡುಗಿ ನೀನು ಎರಡು ಮರಿಯಾಗಿ ಕಂಡೆ.

ಸರಸ್ವತಿಪುರಂನ ಪದ್ಮಿನಿ ಮೇಡಂ ಗೊತ್ತಲ್ಲ,
ಕಾರಂಜಿ ಕೆರೆ ಕಡೆ ದುರ್ಬೀನು ತಿರುಗಿಸಿ
ನಿನ್ನ ಕಡೆ ಬೆನ್ನು ಹಾಕಿ ನಿಲ್ಲೋರು.
ಅವರ ಹಕ್ಕಿ ಗುಂಪಲ್ಲಿ ಒಬ್ಬರಿಗೆ ಮಂಡಿ ಕೈಕೊಟ್ಟು,
ಕಟ್ಟಿದ ದುಡ್ಡು ವಾಪಸ್ಸಿಲ್ಲ ಅಂತಾಗಿ,
‘ಮಾದಯ್ಯ, ನೀವೇ ಬನ್ನಿ’ ಅಂದರು.
ಪಾಸ್‌ಪೋರ್ಟಿನ ಫೋಟೋದಲ್ಲಿ ನಾನು
ಕೋಳಿ ಕದ್ದು ಸಿಕ್ಕಿಬಿದ್ದವನ ಥರ ಇದ್ದೀನಿ.
ಪುಟ್ಟಗೌರಿ ನಕ್ಕಿದ್ದು ಇನ್ನೂ ನಿಂತಿಲ್ಲ.

ಮನ್ಯಾರಾ ಅಂತ ಕೆರೆ.
ಏರಿ ಇಲ್ಲ. ತೂಬಿಲ್ಲ. ಕೋಡಿ ಎಲ್ಲಿ ಅಂತ ಹುಡುಕಿದೆ.
‘ಯಾರು ಕಟ್ಟಿಸಿದ್ದು?’ ಅಂದೆ.
ಕರಕೊಂಡು ಹೋದ ಹುಡುಗ ಎಲಿಬರಿಕಿ,
ಒಳ್ಳೆಯವನು, ಎರಡು ಸಲ ಕೇಳಿದ ಪ್ರಶ್ನೆ,
ಆಮೇಲೆ ಕೈ ಮೇಲೆತ್ತಿ ತೋರಿಸಿದ.

ಆಚೆ ದಡ ಬಿಸಿಲಿಗೆ ಕರಗಿತ್ತು.
ಆ ಕರಗಿದ ಕಡೆ ಒಂದು ಗುಲಾಬಿ ಗೆರೆ,
ದೋಬಿಘಾಟಲ್ಲಿ ಬಣ್ಣ ಬಿಟ್ಟ ಸೀರೆ ಹಾಗೆ.
‘ರಾಜಹಂಸ! ಸಾವಿರಾರು!’ ಮೇಡಂಗೆ ಗಂಟಲು ಕಟ್ಟಿತು.
ನನಗೆ ಕಂಡದ್ದು ಕಾಲ ಬುಡದಲ್ಲಿ,
ಮೆಟ್ಟುಗಾಲು ಹಕ್ಕಿ, ಒಂದೇ ಒಂದು,
ನಮ್ಮ ಲಿಂಗಾಂಬುಧಿಯದೇ, ಅದೇ ಕೆಂಪು ಕಡ್ಡಿಕಾಲು.
ಪರದೇಶದ ಬಸ್‌ಸ್ಟಾಂಡಲ್ಲಿ
ಇಟ್ಟಿಗೆಗೂಡಿನವರು ಸಿಕ್ಕಂಗಾಯಿತು.
‘ಇದಕ್ಕಾ ಇಷ್ಟು ದೂರ ಬಂದದ್ದು?’ ಅಂದರು ಯಾರೋ.

ಆಮೇಲೆ ನಿಮ್ಮವರು.
ಮೊದಲು ಬಂಡೆ ಅಂದುಕೊಂಡೆ.
ಬಂಡೆ ಕಿವಿ ಒದರಿತು.
ಎಣಿಸಿದೆ ಸಾವಂತ್ರಿ, ಅರವತ್ತೆರಡಕ್ಕೆ ತಪ್ಪಿಹೋಯಿತು,
ಒಂದರ ಮೇಲೊಂದು ಗಲ್ಲ ಊರಿಕೊಂಡು,
ಬೆನ್ನ ಮೇಲೆ ಬೆಳ್ಳಕ್ಕಿ,
ನಿನ್ನ ಹಾಗೇ ಮೂಗಿಂದ ಉಫ್ ಅಂತ.
ಕಿಬೊಕೊ ಅಂತಾರೆ ಅಲ್ಲಿ.
ನಾನು ಎಲಿಬರಿಕಿಗೆ ನೀರಾನೆ ಅಂತ ಕಲಿಸಿದೆ,
ಅವನ ಬಾಯಲ್ಲಿ ಅದು ನಿರಾಣಿ ಆಯಿತು.

ಒಂದಕ್ಕೆ ಭುಜದ ಉದ್ದಕ್ಕೂ ಹಸಿಗಾಯ.
ನನ್ನ ಕೈ ಜೇಬಲ್ಲಿ ಮುಲಾಮು ಹುಡುಕಿತು.
ಇಲ್ಲಿ ಯಾರೂ ಹಚ್ಚಲ್ವಾ ಅಂದೆ,
‘ಅದು ಅದರ ಜಗಳ’ ಅಂದ ಹುಡುಗ.

ಈಗ ಹೇಳ್ತಿರೋದು ಪುಟ್ಟಗೌರಿಗೂ ಹೇಳಿಲ್ಲ.
ಎಲ್ಲರೂ ಜೀಪಿನ ಹತ್ತಿರ ಬ್ರೆಡ್ಡು ತಿನ್ನುವಾಗ
ಕಟಕಟೆ ಹತ್ತಿರ ಹೋಗಿ
ಮೆಲ್ಲಗೆ ಕೂಗಿದೆ,
ನಿನ್ನ ಕೂಗೋ ಹಾಗೇ:
ಬ್ಬೋ… ಬ್ಬೋ… ಬಾರವ್ವಾ…
ಇಪ್ಪತ್ತಾರು ವರ್ಷದ ಕೂಗು.
ಒಂದು ಕಿವಿಯೂ ತಿರುಗಲಿಲ್ಲ.
ಇನ್ನೊಂದು ಸಲ, ಸ್ವಲ್ಪ ಜೋರಾಗಿ.
ಒಂದು ಗಂಡು ಬಾಯಿ ತೆರೆಯಿತು,
ಕುಂಬಳಕಾಯಿಗಲ್ಲ.
ಎಲಿಬರಿಕಿ ಓಡಿಬಂದು ಅಂಗಿ ಹಿಡಿದು ಎಳೆದ.

ನಾಚಿಕೆ ಆಯಿತು. ಆಮೇಲೆ,
ಯಾಕೋ, ಖುಷಿಯೂ.
ರಾತ್ರಿ ಗುಡಾರದಲ್ಲಿ ನಿದ್ದೆ ಬರಲಿಲ್ಲ.
ಈ ಕೂಗು ಗೊತ್ತಿರೋದು
ಇಡೀ ಭೂಮಿ ಮೇಲೆ ನಿನಗೊಬ್ಬಳಿಗೆ ತಾನೆ.
ಅದು ನಿನಗೆ ನಾನು ಕೊಟ್ಟದ್ದೋ
ನಿನ್ನಿಂದ ಕಿತ್ತುಕೊಂಡದ್ದೋ
ಅಂತ ಕತ್ತಲಲ್ಲಿ ಎದ್ದು ಕೂತೆ.
ದೂರ ಕೆರೆಯಲ್ಲಿ ನಿಮ್ಮವರು ನಗೋ ಥರ ಸದ್ದು.

ಅದಕ್ಕೇ ಇವತ್ತು ಬಂದವನು ಕೂಗಲಿಲ್ಲ.
ಬಕೆಟ್ಟು ಕೆಳಗಿಟ್ಟು ಸುಮ್ಮನೆ ನಿಂತೆ.
ನೀನು ಆಚೆ ಮೂಲೆಯಲ್ಲಿ,
ಎರಡು ಕಣ್ಣು, ಎರಡು ಕಿವಿ, ಮಿಕ್ಕಿದ್ದು ಹಸಿರು ನೀರು.
ಗೋಡೆ ಮೇಲಿದ್ದ ಇರುಳುಬಕ
ಕ್ವಾಕ್ ಅಂತ ಹಾರಿ ಕಾರಂಜಿ ಕಡೆ ಹೋಯಿತು.
ನೀನು ಅಲ್ಲಾಡಲಿಲ್ಲ.
ನಾನೂ.
ಹೀಗೇ ಇದ್ದುಬಿಡೋಣ ಅನ್ನಿಸಿತು ಒಂದು ಗಳಿಗೆ.

ಕಾಲು ಜೋಮು ಹಿಡಿದು
ಸ್ವಲ್ಪ ಹೊರಳಿದೆ ನೋಡು,
ಬಕೆಟ್ಟಿನ ಹಿಡಿ ಕಿರ್ ಅಂತು.

ಅಷ್ಟಕ್ಕೇ ಬಂದೆಯಲ್ಲೇ.