ಎರಡರಿಂದ ನಾಲ್ಕು

ಸದಾಶಿವಗಡದ ಗುಡ್ಡದ ಮೇಲೆ ಇಪ್ಪತ್ತನಾಲ್ಕು ತಾಸು.
ಪಟ್ಟಿಯಲ್ಲಿ ಹನ್ನೆರಡು ಚೌಕ ಗೀಚಿಕೊಂಡು
ಕೋಡಿಬಾಗದ ರಸ್ತೆಯಲ್ಲಿ ಸೈಕಲ್ ತುಳಿದೆ,
ಬಾಗಿಲು ಬಾಗಿಲಿಗೂ ಪೆನ್ನು ಚಾಚುತ್ತ.
ಗಾಳಿಯಲ್ಲಿ ಊರೂರು ಕೂಗುವ ಹ್ಯಾಮುಗಳು ನಾವು,
ಬಾಗಿಲಲ್ಲಿ ನಿಂತು ಕೂಗಿದರೆ ಒಬ್ಬರಿಗೂ ಕೇಳಿಸದು.

ಉಲ್ಲಾಸ ಪೆಡ್ನೇಕರರಿಗೆ ಮಂಡಿನೋವು, ಕಾರಿನಲ್ಲಿ ಬರುತ್ತಾರಂತೆ,
ಆಂಟೆನಾ ಯಾವ ದಿಕ್ಕಿಗೆಂದು ಕೂತಲ್ಲಿಂದಲೇ ಹೇಳುತ್ತಾರಂತೆ.
ಬರೆದುಕೊಂಡೆ: ಸಲಹೆ.
ಇನಾಸ್ ಮಾಸ್ತರರು ಬ್ಯಾಟರಿ ಕೊಡುತ್ತಾರೆ,
ಹೊರುವವರನ್ನು ಕೊಡುವುದಿಲ್ಲ.
ಪಾಲಿಟೆಕ್ನಿಕ್ಕಿನ ನಾಲ್ಕು ಹುಡುಗರಿಗೆ ಸಂಜೆಯ ಪಾಳಿಯೇ ಬೇಕು,
ಸೂರ್ಯ ಮುಳುಗುವಾಗ ಫೋಟೋ ಚೆನ್ನಾಗಿ ಬರುತ್ತದೆ.
ಠಾಣೆಯಲ್ಲಿ ಪತ್ರ ತಿರುಗಿಸಿ ತಿರುಗಿಸಿ ನೋಡಿದ ಹವಾಲ್ದಾರರು
ಮೊಬೈಲಿದೆಯಲ್ಲ, ಮತ್ತೆ ಇದೆಲ್ಲ ಯಾಕೆ ಅಂದರು.
ಟವರು ಸತ್ತು ಬಿದ್ದ ನೆರೆಯ ವರ್ಷ ನೆನಪಿಸಿದೆ.
ಸೀಲು ಒತ್ತಿ, ಎಷ್ಟು ಜನ ಅಂದರು.
ಅದನ್ನೇ ಸ್ವಾಮಿ, ನಾನೂ ಹುಡುಕುತ್ತಿರುವುದು.

ಶುಕ್ರವಾರಕ್ಕೆ ಹನ್ನೊಂದು ಚೌಕ ತುಂಬಿದವು.
ಒಂದು ಉಳಿಯಿತು: ರಾತ್ರಿ ಎರಡರಿಂದ ನಾಲ್ಕು.
ಎಲ್ಲರ ಮನೆಯಲ್ಲೂ ಆ ಎರಡು ತಾಸಿಗೇ ಏನೋ ಅಡಚಣೆ.
ಒಬ್ಬನ ಅತ್ತೆಗೆ ಬಿಪಿ, ಒಬ್ಬನಿಗೆ ಮಡಗಾಂವ್ ರೈಲು,
ಒಬ್ಬ ಮಾತ್ರ ನಿಜ ಹೇಳಿದ: ನಿದ್ದೆ.
ಅವನ ಮೇಲೆ ಪ್ರೀತಿ ಬಂತು.

ಬೈತಖೋಲಿಗೆ ನಾನು ಹೋದದ್ದು ದಾರಕ್ಕೆ.
ಗಾಳಿಮರದ ತುದಿ ದಾಟಿಸಲು ತಂಗೂಸಿ, ಕೊನೆಗೆ ಸೀಸದ ಗುಂಡು.
ಬಲೆಯಂಗಡಿಯ ದ್ವಾರಕಾ ತಾಂಡೇಲ ಮೊಳ ಹಾಕುತ್ತ
ಪಟ್ಟಿ ಇಣುಕಿದಳು. ಏನಿದು, ಚೀಟಿಯ ಲೆಕ್ಕವೆ?
ಹೇಳಿದೆ: ತಂತಿ ಕಟ್ಟಿ ಗುಡ್ಡದ ಮೇಲೆ ಕೂತು
ಕಾಣದವರನ್ನು ಕರೆಯುವುದು, ಓಗೊಟ್ಟರೆ
ಹೆಸರು ಬರೆದುಕೊಂಡು ಬಿಟ್ಟುಬಿಡುವುದು.
ಅಷ್ಟೇ?
ಅಷ್ಟೇ.
ಮೀನು ಹಿಡಿದು ತಿರುಗಿ ನೀರಿಗೇ ಬಿಟ್ಟ ಹಾಗೆ, ಅಂದಳು.
ಮೊಳ ಎಣಿಸುವುದು ನಿಂತಿತು.
ಹಾಂವ್ ಬಸ್ತಾಂ. ನಾನು ಕೂರ್ತೇನೆ.

ಲೈಸೆನ್ಸ್ ಇಲ್ಲದೆ ಮೈಕು ಮುಟ್ಟುವಂತಿಲ್ಲ, ಅಂದೆ.
ಕೇಳಲಿಕ್ಕೂ ಲೈಸೆನ್ಸ್ ಬೇಕೇನು?
ಹದಿನೆಂಟು ವರ್ಷ ಜೆಟ್ಟಿಯ ವಾಯರ್‌ಲೆಸ್ ಡಬ್ಬಿಗೆ ಕಿವಿ ಹಚ್ಚಿ
ಆ ಖರಖರದೊಳಗಿಂದ ಗಂಡನ ಬೋಟು ಹೆಕ್ಕಿದವಳು.
ಅವನೀಗ ಕೆಲಸ ಬಿಟ್ಟು ಮನೆಯಲ್ಲಿ ಗೊರಕೆ ಹೊಡೆಯುತ್ತಾನೆ,
ಎರಡು ಗಂಟೆಯ ಎಚ್ಚರ ಮಾತ್ರ ನನ್ನಲ್ಲೇ ಉಳಿದುಹೋಗಿದೆ.

ಚೌಕದಲ್ಲಿ ಅವಳ ಹೆಸರು ಬರೆದೆ. ಮೈಕಿಗೆ ಯಾರು?
ನನ್ನ ಹೆಸರು ಅಲ್ಲಿಯವರೆಗೆ ನನಗೇ ಹೊಳೆದಿರಲಿಲ್ಲ.

ಶನಿವಾರ ಹುಡುಗರು ಆರು ಸಲ ಎಸೆದರು,
ಗುಂಡು ಆರು ಸಲವೂ ಪೆಡ್ನೇಕರರ ಕಾರಿನ ಬಳಿಯೇ ಬಿತ್ತು.
ಅವಳು ಸೆರಗು ಸಿಕ್ಕಿಸಿ ಬೀಸಿದ್ದು ಒಂದೇ ಬೀಸು.
ತಂಗೂಸಿ ಕೊಂಬೆ ದಾಟಿ ಆಚೆ ಇಳಿಯಿತು,
ನೀರಿಗೆ ಗಾಳ ಇಳಿದ ಹಾಗೆ.

ಎರಡು ಗಂಟೆ. ಕೆಳಗೆ ಸೇತುವೆಯ ದೀಪಸಾಲು,
ಕಾಳಿ ಕಡಲಿಗೆ ಸೇರುವಲ್ಲಿ ಬರೀ ಕಪ್ಪು.
ಹೆಡ್‌ಫೋನಿನಲ್ಲಿ ಕಾವಲಿಯ ಮೇಲೆ ಬಂಗುಡೆ ಚುರುಗುಡುವ ಸದ್ದು.
ನಾನು ಕರೆದೆ. ಕರೆದೆ. ಗಂಟಲು ಒಣಗಿತು.
ಅವಳ ಬೆರಳು ಮೇಲೆದ್ದಿತು: ನಿಲ್ಲಿ.
ಇದ್ದಾನೆ. ಒಬ್ಬ ಇದ್ದಾನೆ.
ನನಗೇನೂ ಕೇಳಿಸಲಿಲ್ಲ. ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದೆ.
ಇನ್ನೊಂದು ಕೂದಲೆಳೆ.
ತೂತುಕುಡಿಯ ಉಪ್ಪಳದ ದಂಡೆಯಿಂದ ಒಂದು ದನಿ
ತನ್ನ ಅಕ್ಷರಗಳನ್ನು ಒಂದೊಂದಾಗಿ ಹೇಳಿಕೊಳ್ಳುತ್ತಿತ್ತು,
ಅವರ ಕ್ಲಬ್ಬಿನ ಕಾರ್ಯದರ್ಶಿ. ಈ ಪಾಳಿಗೆ
ಯಾರೂ ಒಪ್ಪಲಿಲ್ಲವಂತೆ, ಒಬ್ಬನೇ ಕೂತಿದ್ದಾನಂತೆ.
ನೀವು ಎಷ್ಟು ಜನ, ಎಂದು ಕೇಳಿದ.
ಇಬ್ಬರು, ಅಂದೆ. ಹಾಗನ್ನುವಾಗ ದನಿ ಸ್ವಲ್ಪ ಜೋರಾಯಿತು.

ಅವಳು ಅಂಗಡಿಯ ಉದ್ರಿ ಬರೆಯುವ ಕೈಯಲ್ಲಿ
ಸಮಯ ಬರೆದಳು, ಊರು ಬರೆದಳು,
ಷರಾ ಕಾಲಮ್ಮಿನಲ್ಲಿ ನಾವು ಖಾಲಿ ಬಿಡುವ ಜಾಗದಲ್ಲಿ ಬರೆದಳು:
ಗಂಟಲು ಕಟ್ಟಿದೆ. ಚಹ ಕೊಡುವವರಿಲ್ಲ.

ನಿಯಮದ ಪ್ರಕಾರ ನಾನದನ್ನು ಹೊಡೆದುಹಾಕಬೇಕು.
ಫ್ಲಾಸ್ಕಿನಲ್ಲಿ ನಮ್ಮದು ಇನ್ನೂ ಅರ್ಧ ಇತ್ತು.