ಎಷ್ಟು ಕೊಡುತ್ತೆ?

ಟ್ರೆಲೆವ್‌ನಿಂದ ಎಸ್ಕೆಲ್‌ಗೆ ಆರುನೂರು ಕಿಲೋಮೀಟರು.
ನಡುವೆ ಒಂದು ನದಿ, ಕೆಂಪು ಬಂಡೆಗಳು,
ಬೆರಳೆಣಿಕೆಯ ಪೆಟ್ರೋಲ್ ಬಂಕು.
ಮಿಕ್ಕಿದ್ದೆಲ್ಲ ಗಾಳಿ.

ನನ್ನದು ಸಾಣೆ ಹಿಡಿಯುವ ಕಸುಬು.
ಉಣ್ಣೆ ಕತ್ತರಿಸುವ ಯಂತ್ರದ ಹಲ್ಲುಗಳನ್ನು
ದೊಡ್ಡಿಯಿಂದ ದೊಡ್ಡಿಗೆ ಹೋಗಿ ಮಸೆದುಕೊಡುತ್ತೇನೆ.
ಗಾಡಿ ಎಂಬತ್ತೆರಡನೇ ಇಸವಿಯ ಫೋರ್ಡ್ ಪಿಕಪ್ಪು.
ಅದರ ಬಣ್ಣ ಯಾವುದೆಂದು
ಈಗ ಕಾಗದಪತ್ರ ನೋಡಿಯೇ ಹೇಳಬೇಕು.

ಲಾಸ್ ಪ್ಲೂಮಾಸಿನ ಬಂಕಿನ ಹುಡುಗ ಪೈಪು ಹಿಡಿದು ಕೇಳಿದ:
"ದೋನ್ಯಾ ನೆಲಿದಾ, ಲೀಟರಿಗೆ ಎಷ್ಟು ಕೊಡುತ್ತೆ?"
"ಕೊಡುವುದೆಲ್ಲಿ ಬಂತು ಮಾರಾಯ,
ಈಸಿಕೊಳ್ಳುವುದೊಂದೇ ಗೊತ್ತು ಇದಕ್ಕೆ."
ಅವನು ನಗಲಿಲ್ಲ. ಮೀಟರಿನ ಅಂಕಿ ಓಡುತ್ತಲೇ ಇತ್ತು.
ಆ ವಾರ ಹೋಗಿ ಬಂದು ಲೆಕ್ಕ ಹಾಕಿದೆ:
ಆರು.
ಮೇಲೆ ಚಿಲ್ಲರೆಯೂ ಇಲ್ಲದ ಆರು.

ಗೈಮಾನಿನ ಮೆಕ್ಯಾನಿಕ್ಕು ಅನೈರಿನ್ ಪ್ಯೂ
ಬಾನೆಟ್ಟಿನೊಳಗೆ ಹೊಕ್ಕ ತಲೆ ಹೊರಗೆ ತೆಗೆಯದೆ ಹೇಳಿದ:
"ಎಂಜಿನ್ನು ಆಮೇಲೆ. ಮೊದಲು ನಿನ್ನ ಬಲಗಾಲು ತೋರಿಸು."

ನೂರಹತ್ತರಲ್ಲಿ ಓಡುತ್ತಿದ್ದವಳು ಎಂಬತ್ತೈದಕ್ಕಿಳಿದೆ.
ಹಿಂದೆ ಬಂದ ಲಾರಿಗಳು
ಹಾರನ್ನಿನಲ್ಲೇ ನನ್ನ ವಂಶಾವಳಿ ಒದರಿ ಮುಂದೆ ಹೋದವು.
ಟೈರುಗಳಿಗೆ ಬೇಕಾದಷ್ಟು ಗಾಳಿ ಹಿಡಿಸಿದೆ.
ಚೋಕು ಅರ್ಧಕ್ಕೇ ಸಿಕ್ಕಿಕೊಂಡಿತ್ತು, ಬಿಡಿಸಿದ ಪ್ಯೂ.
ಎಡಗಡೆಯ ಹಿಂದಿನ ಬ್ರೇಕು
ಡ್ರಮ್ಮನ್ನು ಅಪ್ಪಿಕೊಂಡೇ ಇತ್ತಂತೆ, ಎಷ್ಟು ವರ್ಷದಿಂದಲೋ.
ಅದರ ತಡೆಯನ್ನೇ ನಾನು
ಗಾಡಿಯ ಸ್ವಭಾವ ಅಂದುಕೊಂಡಿದ್ದೆ.

ನೆತ್ತಿಯ ಮೇಲಿನ ಕಬ್ಬಿಣದ ಕ್ಯಾರಿಯರ್ ಬಿಚ್ಚಿದ ದಿನ
ಕ್ಯಾಬಿನ್ನಿಗೆ ಒಂದು ಮೌನ ಬಂತು.
ಹದಿನಾಲ್ಕು ವರ್ಷ ಊಳಿಟ್ಟದ್ದು
ಬಯಲಲ್ಲ, ಬೆಟ್ಟವಲ್ಲ,
ಆ ನಾಲ್ಕು ಸರಳು.

ಹಿಂಬಾಗಿಲು ಇಳಿಸಿದರೆ ಗಾಳಿ ಸಲೀಸಾಗಿ ಹಾದೀತೆಂದು
ಇಳಿಸಿಕೊಂಡೇ ತಿರುಗಿದೆ. ಪ್ಯೂ ಬೈದ:
"ಮುಚ್ಚಿದ ತೊಟ್ಟಿಯಲ್ಲಿ ಒಂದಿಷ್ಟು ಗಾಳಿ
ನಾಯಿಯ ಹಾಗೆ ಸುರುಳಿ ಸುತ್ತಿ ಮಲಗುತ್ತೆ.
ಉಳಿದದ್ದು ಅದರ ಬೆನ್ನ ಮೇಲೆ ಜಾರಿ ಹೋಗುತ್ತೆ.
ಮಲಗಿದ್ದನ್ನು ಎಬ್ಬಿಸಬೇಡ."

ಮಾರ್ಚಿ ತಿಂಗಳ ಒಂದು ಬುಧವಾರ,
ಎಸ್ಕೆಲ್‌ನಿಂದ ಇಳಿದು ಬರುವಾಗ
ಹನ್ನೊಂದೂವರೆ!
ನಾಲ್ಕು ಸಲ ಭಾಗಿಸಿದೆ. ಪುಟದ ಮೂಲೆ ಮಡಚಿದೆ.
ಬಂಕಿನ ಹುಡುಗನಿಗೆ ಅವನು ಕೇಳದೆಯೇ ಹೇಳಿದೆ.
ಅವನು ಕಂಬದ ಮೇಲಿನ ಬಾವುಟ ತೋರಿಸಿದ.
ಹರಿದ ತುದಿ ಮೂಡಣಕ್ಕೆ ಚಾಚಿ
ಇಸ್ತ್ರಿ ಹಾಕಿದ ಹಾಗೆ ನೆಟ್ಟಗೆ ನಿಂತಿತ್ತು.
ದಿನವಿಡೀ ಬೆನ್ನು ಹಿಡಿದು ನೂಕಿದ್ದು ಗಾಳಿ,
ಬೀಗಿದ್ದು ನಾನು.

ಗಾಳಿ ಬಂದಾಗ ತೂರಿಕೋ ಅನ್ನುವವರು
ಯಾವ ದಿಕ್ಕಿನಿಂದ ಬಂದಾಗ ಅಂತ ಹೇಳುವುದಿಲ್ಲ.
ಮುಂದಿನ ವಾರ ಪಡುವಣಕ್ಕೆ ಮುಖ ಮಾಡಿ ಹೊರಟರೆ
ಅದೇ ಗಾಡಿ, ಅದೇ ಕಾಲು:
ಐದೂ ಮುಕ್ಕಾಲು.

"ಒಂದು ದಾರಿಯ ಲೆಕ್ಕ ಲೆಕ್ಕವೇ ಅಲ್ಲ," ಅಂದ ಪ್ಯೂ,
ಕೈಯ ಗ್ರೀಸು ಒರೆಸಿಕೊಳ್ಳುತ್ತ.
"ಹೋದ ದೂರ, ಬಂದ ದೂರ ಕೂಡಿಸು.
ಸುಟ್ಟ ಲೀಟರೆಲ್ಲ ಕೂಡಿಸು. ಆಮೇಲೆ ಭಾಗಿಸು."
ಏಳೂ ಮುಕ್ಕಾಲಿಗೆ ಕೂದಲೆಳೆ ಕಮ್ಮಿ ಬಂತು.
ಮೊದಲಿನ ಆರರ ಪಕ್ಕದಲ್ಲಿಟ್ಟರೆ
ಸುತ್ತೊಂದಕ್ಕೆ ನಲವತ್ತಮೂರು ಲೀಟರು ಉಳಿತಾಯ.
ಬಾವುಟ ಅಲ್ಲಗಳೆಯಲಾಗದ
ಸಣ್ಣ, ನನ್ನದೇ ಆದ ಅಂಕಿ.

ಈಗ ನಸುಕಿನ ನಾಲ್ಕಕ್ಕೇ ಹೊರಡುತ್ತೇನೆ,
ಗಾಳಿ ಹಾಸಿಗೆಯಲ್ಲಿ ಮಗ್ಗುಲಾಗುವ ಹೊತ್ತಿಗೆ
ಲಾಸ್ ಆಲ್ತಾರೆಸ್ ದಾಟಿರುತ್ತೇನೆ.
ಎಂಬತ್ತೈದರಲ್ಲಿ ಹೋದರೆ
ಬೇಲಿಯ ಬಳಿ ನಿಂತ ಗ್ವಾನಾಕೊಗಳ ಕಣ್ಣರೆಪ್ಪೆಯೂ ಕಾಣುತ್ತದೆ.
ಅವೂ ನನ್ನನ್ನು ನಿಧಾನವಾಗಿ ನೋಡುತ್ತವೆ,
ತಲೆ ತಿರುಗಿಸಿ, ಮೇವು ನಿಲ್ಲಿಸದೆ.

ನಿನ್ನೆ ಬಂಕಿನಲ್ಲಿ ಹೊಸ ಹುಡುಗ.
"ಎಷ್ಟು ಕೊಡುತ್ತೆ?" ಅಂದ.
"ಹೋಗುವಾಗಲೋ, ಬರುವಾಗಲೋ?"
ಅವನಿಗೆ ಅರ್ಥವಾಗಲಿಲ್ಲ.
ಬಕೆಟ್ಟು ತಂದು, ಗಾಜಿಗಂಟಿದ ಹುಳುಗಳನ್ನು
ಒಂದೊಂದಾಗಿ ಕೆರೆಯತೊಡಗಿದ.