ಅಂಚು

ರೂವಿಯ ಆಸ್ಪತ್ರೆಯಲ್ಲಿ ಡಾಕ್ಟರ್ ಜುವೈನಾ
ಕಾಗದದ ಮೇಲೊಂದು ಹೊಟ್ಟೆ ಬರೆದರು.
ಬಾಯಿಂದ ಕೊಳವೆ ಇಳಿಸಿ ಸುಲಿದು ತೆಗೆದ ಜಾಗಕ್ಕೆ
ಸೊನ್ನೆ ಸುತ್ತಿದರು:
"ಸುತ್ತಲೂ ಶುದ್ಧ. ತಳದ ಅಂಚಿನಲ್ಲಿ ಮಾತ್ರ
ಇನ್ನೂ ಇದೆ."

ಅಂಚು ನನಗೆ ಗೊತ್ತು.
ಇಪ್ಪತ್ತಾರು ವರ್ಷ ದಿಶ್‌ದಾಶ ಹೊಲಿದವನು;
ನುಸಿ ತಿಂದ ಬಟ್ಟೆಯನ್ನು
ತೂತಿಗಿಂತ ಎರಡು ಬೆರಳು ಆಚೆಗೇ ಕತ್ತರಿಸುವವನು.

"ಎಷ್ಟು ಬಿಟ್ಟಿದ್ದಿರಿ?"
"ಕೂದಲೆಳೆಯಷ್ಟೂ ಸಿಗಲಿಲ್ಲ," ಅಂದರು, ಕಣ್ಣು ತಪ್ಪಿಸದೆ.
ಕಾದು ನೋಡಬಹುದು. ಕೊಯ್ಯುವುದೇ ಮೇಲು.

ಈದ್‌ಗೆ ಹನ್ನೊಂದು ದಿನ.
ಗೂಟಗಳಲ್ಲಿ ನಲವತ್ತು ಬಿಳಿ ಅಂಗಿ, ತೋಳಿಲ್ಲದೆ.
ಹಬ್ಬ ಮುಗಿಯಲಿ ಎನ್ನಲು ಬಾಯಿ ತೆರೆದವನು
ಮಂಗಳವಾರ ಅಂದೆ.

ರಾತ್ರಿ ಅಂಗಡಿಯಲ್ಲಿ ಮೋನಪ್ಪನ ಕೈಗೆ ಕತ್ತರಿ ಕೊಟ್ಟೆ:
ಅಂಚು ಧಾರಾಳ ಬಿಡು ಮಾರಾಯ,
ಬಟ್ಟೆ ಉಳಿಸಬೇಡ.